ರೋಸಿ ಅಲ್ಲ, ರೋಸಲಿಂಡ್

ಡಿಎನ್‌ಎ ರಚನೆ ಬಯಲಾದ ಕತೆ ಹೇಳೋ ಜೇಮ್ಸ್ ವಾಟ್ಸನ್‌ರ ‘ದಿ ಡಬಲ್ ಹೀಲಿಕ್ಸ್’ (1968) ಒಂದೇ ಕೂತಲ್ಲಿ ಓದಿಸಿಕೊಳ್ಳುತ್ತೆ. ನನಗೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಒಂದು ಹೆಸರು: ‘ರೋಸಿ’. ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್‌ರನ್ನು ಬೆನ್ನ ಹಿಂದೆ ಹಾಗೆ ಕರೀತಿದ್ರಂತೆ. ಪುಸ್ತಕದ ತುಂಬ ಅದೇ. ಜೊತೆಗೆ ಉಡುಪು, ಲಿಪ್‌ಸ್ಟಿಕ್ ಬಗ್ಗೆ ಕೊಂಕು. ಅವರ ಲ್ಯಾಬಿನ ಎಕ್ಸ್‌ರೇ ಚಿತ್ರವನ್ನು ಅವರನ್ನು ಕೇಳದೆ ನೋಡಿದ್ದೂ ಅಲ್ಲೇ ಇದೆ. ತನ್ನ ಅಭಿಪ್ರಾಯ ತಪ್ಪಾಗಿತ್ತು ಅಂತ ಕೊನೆಗೆ ವಾಟ್ಸನ್ ಒಪ್ಪುತ್ತಾರೆ. ಆದರೆ ಫ್ರಾಂಕ್ಲಿನ್ 1958ರಲ್ಲೇ, 37ನೇ ವಯಸ್ಸಿಗೆ ತೀರಿಕೊಂಡಿದ್ದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ!

ನನ್ನ ಮೊದಲ ಟೀಮಲ್ಲಿ ನಾನು ‘ಹಳ್ಳಿ’. ತಮಾಷೆಗೆ ಅಂತಿದ್ರು, ನಾನೂ ನಗ್ತಿದ್ದೆ. ನಾನು ಬರೆದ ಕೋಡನ್ನು ಡೆಮೋದಲ್ಲಿ ಬೇರೆಯವರು ತಮ್ಮದೆಂದು ತೋರಿಸಿದಾಗ ಅರ್ಥವಾಯ್ತು: ಹೆಸರನ್ನೇ ಗೌರವಿಸದ ಕಡೆ ಕೆಲಸಕ್ಕೂ ಹೆಸರಿರಲ್ಲ.