ಗವರ್ನರ್ ಸರಿಯಿದ್ದರೆ ಶ್ರುತಿ ಸರಿ

ಅಟ್ಟದಿಂದ ಗ್ರಾಮಫೋನ್ ಇಳಿಸಿದವರು ಮೊದಲು ಮಾಡುವ ಕೆಲಸ ಹೊರಗಿನ ಪೆಟ್ಟಿಗೆಗೆ ಪಾಲಿಶ್ ಹೊಡೆಯುವುದು. ಮೋಟಾರು ಹಾಗೇ ಇರುತ್ತದೆ. ಆಮೇಲೆ ಪ್ಲೇಟು ಹಾಕಿದಾಗ ಹಾಡು ಎಳೆದಾಡಿದರೆ ಪ್ಲೇಟನ್ನೇ ಬೈಯುತ್ತಾರೆ!

ಯಂತ್ರ ಎಲ್ಲಿತ್ತು ಎಂಬುದರ ಮೇಲೆ ಅದರ ಕಾಯಿಲೆ. ತರೀಕೆರೆಯ ಅಡಿಕೆ ಸೀಮೆಯ ತೇವದಲ್ಲಿ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಕಡೂರು, ಅಜ್ಜಂಪುರದ ಬಯಲಿನ ದೂಳು ಹಳೇ ಎಣ್ಣೆಗೆ ಸೇರಿ ಹಲ್ಲುಚಕ್ರಗಳಲ್ಲಿ ಕಪ್ಪು ಅಂಟಾಗುತ್ತದೆ. ಅಂಟು ಸೀಮೆಎಣ್ಣೆಗೆ ಬಿಡುತ್ತದೆ, ತುಕ್ಕು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

1931ರಲ್ಲಿ ಬಂದ ಎಚ್‌ಎಂವಿ 102ನ್ನೇ ತೆಗೆದುಕೊಳ್ಳಿ. ಕೈಯಲ್ಲಿ ಹಿಡಿದೊಯ್ಯುವ ಪೆಟ್ಟಿಗೆ, ಒಳಗೆ ಒಂದೇ ಸ್ಪ್ರಿಂಗು. ಹಾಡಿನ ನಡುವೆ ಒಳಗಿಂದ ‘ದಬ್’ ಎಂದು ಗುದ್ದು ಕೇಳಿದರೆ, ಡ್ರಮ್ಮಿನೊಳಗಿನ ಗ್ರೀಸು ಗಟ್ಟಿಯಾಗಿ ಸ್ಪ್ರಿಂಗಿನ ಸುತ್ತುಗಳು ಅಂಟಿಕೊಂಡು ಒಮ್ಮೆಲೇ ಬಿಡುತ್ತಿವೆ ಎಂದರ್ಥ. ಬಿಚ್ಚುವ ಮುನ್ನ ಕೀಲಿ ಪೂರ್ತಿ ಇಳಿದಿರಬೇಕು. ಇಳಿದರೂ ಡ್ರಮ್ಮಿನೊಳಗೆ ಸ್ಪ್ರಿಂಗು ಬಿಗಿಯಾಗಿಯೇ ಇರುತ್ತದೆ. ದಪ್ಪ ಗೋಣಿತಾಟು ಸುತ್ತಿ, ಕೈಗವಸು ಹಾಕಿ, ಒಂದೊಂದೇ ಸುತ್ತು ಬಿಡಬೇಕು. ಅವಸರ ಮಾಡಿದರೆ ಬೆರಳು ಸೀಳುತ್ತದೆ. ತೊಳೆದು ಒರೆಸಿದ ಮೇಲೆ ಗ್ರಾಫೈಟ್ ಬೆರೆಸಿದ ಗ್ರೀಸು.

ಆದರೆ ಯಂತ್ರದ ಮರ್ಯಾದೆ ಇರುವುದು ಗವರ್ನರಿನಲ್ಲಿ. ಮೂರು ತೆಳು ಪಟ್ಟಿ ಸ್ಪ್ರಿಂಗುಗಳು, ಒಂದೊಂದರ ನಡುವೆ ಒಂದು ಗುಂಡು. ವೇಗ ಏರಿದರೆ ಗುಂಡುಗಳು ಹೊರಕ್ಕೆ ಚಾಚುತ್ತವೆ, ತುದಿಯ ಬಿಲ್ಲೆ ಸರಿದು ಪುಟ್ಟ ತೊಗಲಿನ ತುಂಡಿಗೆ ಒರೆಸುತ್ತದೆ, ವೇಗ ತಗ್ಗುತ್ತದೆ. ಆ ತೊಗಲು ಒಣಗಿದ್ದರೆ ಕಿರ್‌ ಎನ್ನುತ್ತದೆ, ದನಿ ನಡುಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ಪಟ್ಟಿ ಸ್ಪ್ರಿಂಗು ಒಂದು ಸೊಟ್ಟಗಾಗಿದ್ದರೆ ಮಾತ್ರ ಎಷ್ಟೇ ಎಣ್ಣೆ ಬಿಟ್ಟರೂ ಪ್ರಯೋಜನವಿಲ್ಲ, ಬದಲಿಸಲೇಬೇಕು.

ಹೊಸ ಹಿತ್ತಾಳೆ ಕಹಳೆ ಸಿಕ್ಕಿಸಿ ‘ಹಳೇ ಕಾಲದ್ದು’ ಎಂದು ಮಾರುವ ಜೋಡಣೆಗಳಲ್ಲೂ ನೋಡಬೇಕಾದ್ದು ಇದನ್ನೇ, ಕಹಳೆಯ ಹೊಳಪನ್ನಲ್ಲ.

ವೇಗ ಪರೀಕ್ಷೆಗೆ 77 ಗೆರೆಗಳ ಸ್ಟ್ರೋಬ್ ಬಿಲ್ಲೆಯನ್ನು ಪ್ಲೇಟಿನ ಮೇಲಿಟ್ಟು ತಿರುಗಿಸುತ್ತಾರೆ. ನಮ್ಮ 50 ಹರ್ಟ್ಸ್ ಕರೆಂಟಿನ ಹಳೇ ಟ್ಯೂಬ್‌ಲೈಟಿನಡಿ ಗೆರೆಗಳು ನಿಂತಂತೆ ಕಂಡರೆ ನಿಮಿಷಕ್ಕೆ ಸುಮಾರು 78 ಸುತ್ತು. ಈಗಿನ ಎಷ್ಟೋ ಎಲ್‌ಇಡಿ ದೀಪಗಳಡಿ ಈ ಆಟ ನಡೆಯದು.

ಇಷ್ಟಾದರೂ ಗೌಹರ್ ಜಾನ್ ಪ್ಲೇಟಿಗೆ ಈ ಲೆಕ್ಕ ಸಾಲದು. ಅವರು ಕಲ್ಕತ್ತೆಯಲ್ಲಿ ಹಾಡಿ ಮುದ್ರಿಸಿದ್ದು 1902ರಲ್ಲಿ. ಕೊನೆಗಾಲ ಕಳೆದದ್ದು ಮೈಸೂರಿನ ಆಸ್ಥಾನದಲ್ಲಿ, ತೀರಿಕೊಂಡದ್ದು 1930ರಲ್ಲಿ ಅಲ್ಲೇ. ಅವರು ಮೊದಲು ಹಾಡಿದ ಕಾಲಕ್ಕೆ ಎಲ್ಲ ಪ್ಲೇಟುಗಳಿಗೂ 78 ಎಂಬ ಕಟ್ಟುಪಾಡು ಇರಲಿಲ್ಲ. ಅಂಥ ಪ್ಲೇಟಿಗೆ ಸ್ಟ್ರೋಬ್ ಬಿಲ್ಲೆ ತೆಗೆದಿಟ್ಟು, ದನಿ ಸಹಜವಾಗಿ ಕೇಳುವವರೆಗೂ ವೇಗದ ಕಡ್ಡಿಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಕೂರಬೇಕು. ಗವರ್ನರ್ ಚೊಕ್ಕಟವಾಗಿದ್ದರೆ ಮಾತ್ರ ಕಡ್ಡಿ ಆ ಮಾತು ಕೇಳುತ್ತದೆ.