ಅಡುಗೆಮನೆಯಿಲ್ಲದ ಪುಸ್ತಕ

ಮನೆಯಲ್ಲೇ ಜರ್ಮನ್ ಕಲಿಯಿರಿ ಎನ್ನುವ ಪುಸ್ತಕಗಳ ಮೇಲೆ ನನ್ನದೊಂದು ತಕರಾರಿದೆ. ನಾನು ಓದಿದವುಗಳಲ್ಲಿ ವಿಮಾನ ನಿಲ್ದಾಣವಿದೆ, ಹೋಟೆಲಿದೆ. ಅಡುಗೆಮನೆ ಮಾತ್ರ ಇಲ್ಲ. ಹೊರಗಿನವರಿಗೆ ಹೇಳುವ ‘ಜೀ’ಯನ್ನು ಪುಟಗಟ್ಟಲೆ ತಿದ್ದಿಸಿ, ಮನೆಯವರಿಗೆ ಹೇಳುವ ‘ದೂ’ವನ್ನು ಮೂಲೆಗೆ ತಳ್ಳುತ್ತವೆ. ರಾಜರಾಜೇಶ್ವರಿನಗರದಲ್ಲಿ ಕೂತು, ಜರ್ಮನ್ ಸೊಸೆಗೆ ‘ಇನ್ನೊಂದು ಚೂರು ಹಾಕಿಸಿಕೋ’ ಎನ್ನಬೇಕೆಂದಿರುವ ನನ್ನಂಥ ಅತ್ತೆಗೆ ಇವು ಏನು ಕೊಟ್ಟಾವು?

ಅಲ್ಲಿಂದ ಇಲ್ಲಿಗೆ ಬಂದ ಕಿಟ್ಟೆಲ್ಲರನ್ನು ನೋಡಿ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ನನಗೆ ಮೆಚ್ಚಿಗೆಯಾದದ್ದು, ಎಷ್ಟೋ ಪದಗಳ ಬೆನ್ನಿಗೇ ಗಾದೆಯನ್ನೂ ಕೊಟ್ಟಿರುವುದು. ಗಾದೆ ಸಿಕ್ಕರೆ, ಆ ಪದವನ್ನು ಯಾರು ಯಾವ ದನಿಯಲ್ಲಿ ಆಡುತ್ತಾರೆಂಬುದೂ ಸಿಕ್ಕಂತೆ. ಆದರೆ ಅರ್ಥವೆಲ್ಲ ಇಂಗ್ಲಿಷಿನಲ್ಲಿದೆ. ಗಾದೆ ಆಡುತ್ತಿದ್ದ ನಮ್ಮ ಅಜ್ಜಿಯರಿಗೇ ಆ ನಿಘಂಟು ಎಟುಕಲಿಲ್ಲ.