ಮೆಟ್ಟಿಲ ಮುಂದಿನ ವ್ಯಾಜ್ಯ: ನ್ಯಾನ್ಸಿ ಈಸ್ಲಂಡ್ ಅವರ ‘ದಿ ಡಿಸೇಬಲ್ಡ್ ಗಾಡ್’ ಕೃತಿಯ ಒಂದು ವಿಮರ್ಶೆ

ಅಮೆರಿಕದ ದೈವಶಾಸ್ತ್ರಜ್ಞೆ ನ್ಯಾನ್ಸಿ ಈಸ್ಲಂಡ್ (1964–2009) ಅವರ ‘ದಿ ಡಿಸೇಬಲ್ಡ್ ಗಾಡ್’ 1994ರಲ್ಲಿ ಪ್ರಕಟವಾಯಿತು. ಅಂಗವೈಕಲ್ಯವನ್ನು ಕುರಿತ ದೈವಶಾಸ್ತ್ರೀಯ ಚರ್ಚೆ ಇಂದಿಗೂ ಈ ಕೃತಿಯನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ಹುಟ್ಟಿನಿಂದಲೇ ಮೂಳೆಯ ತೊಂದರೆಯಿದ್ದ ಲೇಖಕಿಯ ಮುಖ್ಯ ವಾದವನ್ನು ನಾವು ಒಪ್ಪುತ್ತೇವೆ. ಆದರೆ ಆ ವಾದ ನಿಲ್ಲುವ ಎಡೆಯಲ್ಲೇ ನಮ್ಮ ಪ್ರಶ್ನೆ ಆರಂಭವಾಗುತ್ತದೆ. ಸಾರ್ವಜನಿಕ ಕಟ್ಟಡದಲ್ಲಿ, ಅದರಲ್ಲೂ ದೇವಾಲಯದಲ್ಲಿ, ಪ್ರವೇಶ ದೊರೆಯದ ಅಂಗವಿಕಲ ವಿಶ್ವಾಸಿಯೊಬ್ಬರು ಕಾನೂನಿನ ಮೊರೆಹೊಕ್ಕರೆ ಸಭೆಯು ಅವರನ್ನು ಹೇಗೆ ಕಾಣಬೇಕು?

ಈಸ್ಲಂಡ್ ಅವರ ವಾದದ ತಿರುಳು ಲೂಕನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿದೆ. ಪುನರುತ್ಥಾನಗೊಂಡ ಕ್ರಿಸ್ತನು ಶಿಷ್ಯರಿಗೆ ತೋರಿಸುವುದು ಗಾಯಗೊಂಡ ಕೈಕಾಲುಗಳನ್ನು. ಮಹಿಮೆಯ ದೇಹವೂ ಗಾಯದ ಗುರುತನ್ನು ಕಳೆದುಕೊಳ್ಳಲಿಲ್ಲ. ಆದ್ದರಿಂದ ವೈಕಲ್ಯವನ್ನು ಪಾಪದ ಫಲವೆಂದಾಗಲಿ, ಸಹನೆಯ ಪರೀಕ್ಷೆಯೆಂದಾಗಲಿ, ದಾನಧರ್ಮಕ್ಕೊಂದು ಅವಕಾಶವೆಂದಾಗಲಿ ಕಾಣುವುದು ಸಲ್ಲದು. ಕೃತಿಯ ಅತ್ಯಂತ ಸತ್ವಯುತ ಭಾಗ ಪ್ರಭುಭೋಜನವನ್ನು ಕುರಿತದ್ದು. ತಾವು ಮುಂದಕ್ಕೆ ಬರುವ ಅಗತ್ಯವಿಲ್ಲವೆಂದು ಸೂಚಿಸಿ, ಉಳಿದವರೆಲ್ಲರೂ ಸ್ವೀಕರಿಸಿದ ಮೇಲೆ ತಮ್ಮ ಆಸನಕ್ಕೇ ಪ್ರಸಾದವನ್ನು ತಂದುಕೊಡುತ್ತಿದ್ದ ರೂಢಿಯನ್ನು ಲೇಖಕಿ ನೆನೆಯುತ್ತಾರೆ. ಅದನ್ನು ರೂಪಿಸಿದವರ ಉದ್ದೇಶ ಉಪಕಾರವೇ ಇದ್ದೀತು. ಆದರೆ ಒಂದೇ ದೇಹದ ಸಹಭೋಜನ ಅವರ ಪಾಲಿಗೆ ಒಂಟಿ ಊಟವಾಯಿತು. ಉಪಕಾರ ಎಲ್ಲಿ ಹಕ್ಕಿನ ಸ್ಥಾನವನ್ನು ಆಕ್ರಮಿಸುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಬರಹ ವಿರಳ.

ನಮ್ಮ ಆಕ್ಷೇಪ ಇಲ್ಲಿಂದ ಮುಂದಿನದು. ಅಂಗವಿಕಲರ ಹಕ್ಕುಗಳ ಚಳವಳಿಗೂ ಕಾನೂನುಗಳಿಗೂ ಲೇಖಕಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಆದರೂ ಕೃತಿಯ ಕೊನೆಯ ಭಾರ ಬೀಳುವುದು ಸಂಕೇತಗಳ ಮೇಲೆ: ದೇವರ ಚಿತ್ರ ಬದಲಾದರೆ ಸಭೆಯ ಬಾಳೂ ಬದಲಾದೀತು ಎಂಬ ಭರವಸೆಯ ಮೇಲೆ. ಚಿತ್ರ ಬದಲಾದ ಬಳಿಕವೂ ಮೆಟ್ಟಿಲು ಹಾಗೆಯೇ ಉಳಿಯಬಹುದಲ್ಲವೆ? ಅಮೆರಿಕದ 1990ರ ಕಾನೂನು ಸಾರ್ವಜನಿಕ ಸ್ಥಳಗಳಿಗೆ ವಿಧಿಸಿದ ಹೊಣೆಯಿಂದ ಧಾರ್ಮಿಕ ಸಂಸ್ಥೆಗಳನ್ನು ಹೊರಗಿಟ್ಟಿತು. ಅಲ್ಲಿನ ಸಭೆಗೆ ಮನಃಪರಿವರ್ತನೆಯೊಂದೇ ದಾರಿಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಸ್ಥಿತಿ ಬೇರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ‘ಸಾರ್ವಜನಿಕ ಕಟ್ಟಡ’ವನ್ನು ನಿರೂಪಿಸುವಾಗ, ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವನ್ನೂ ಧಾರ್ಮಿಕ ಉದ್ದೇಶದ ಕಟ್ಟಡವನ್ನೂ ಹೆಸರಿಸಿಯೇ ಸೇರಿಸಿದೆ. ಈಗಾಗಲೇ ಇರುವ ಕಟ್ಟಡಗಳನ್ನು ಸುಗಮಗೊಳಿಸಲು, ನಿಯಮಗಳು ಹೊರಬಿದ್ದ 2017ರ ಜೂನ್‌ನಿಂದ ಐದು ವರ್ಷಗಳ ಗಡುವನ್ನು 45ನೆಯ ಪ್ರಕರಣ ನೀಡಿತ್ತು. ಅಧಿನಿಯಮದ ಮೊದಲ ಉಲ್ಲಂಘನೆಗೆ 10,000 ರೂಪಾಯಿಗಳವರೆಗೆ, ಮರಳಿ ಉಲ್ಲಂಘಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡವುಂಟು. ದೃಷ್ಟಿವಿಕಲರಾದ ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ತೀರ್ಪಿತ್ತು, ಮಾನದಂಡಗಳನ್ನು ಬರಿಯ ಸಲಹೆಗಳ ಮಟ್ಟಕ್ಕಿಳಿಸಿದ್ದ 15ನೆಯ ನಿಯಮವು ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಸಾರಿತು. ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಬೇಕೆಂದಿತು. ಒಬ್ಬ ಅರ್ಜಿದಾರರ ಹತ್ತೊಂಬತ್ತು ವರ್ಷಗಳ ಹಟ ಇದರ ಹಿಂದಿದೆ. ಸುಗಮ ಪ್ರವೇಶವು ಔದಾರ್ಯವಲ್ಲ, ಸಲ್ಲಬೇಕಾದದ್ದು ಎಂಬುದೇ ಈ ತೀರ್ಪಿನ ಸಾರ. ಈಸ್ಲಂಡ್ ಅವರು ಪ್ರಭುಭೋಜನದ ಮೇಜಿನ ಬಳಿ ಕಂಡುಕೊಂಡದ್ದೂ ಇದನ್ನೇ.

ಇಷ್ಟಾದರೂ ಸಭೆಯೊಳಗೆ ಒಂದು ವೇದವಾಕ್ಯವನ್ನು ಅಡ್ಡ ತರಲಾಗುತ್ತದೆ. ಸಹೋದರನ ಮೇಲೆ ಸಹೋದರನು ಅವಿಶ್ವಾಸಿಗಳ ಮುಂದೆ ವ್ಯಾಜ್ಯ ಹೂಡುವುದನ್ನು ಪೌಲನು 1 ಕೊರಿಂಥ 6ರಲ್ಲಿ ಖಂಡಿಸುತ್ತಾನೆ. ಆ ಭಾಗವನ್ನು ಪೂರ್ತಿ ಓದಬೇಕು. ಸಹೋದರರ ನಡುವೆ ನ್ಯಾಯ ತೀರಿಸಬಲ್ಲ ಒಬ್ಬ ವಿವೇಕಿಯೂ ನಿಮ್ಮಲ್ಲಿಲ್ಲವೇ ಎಂಬ ಪ್ರಶ್ನೆ ಇಡೀ ಸಭೆಯನ್ನು ನಾಚಿಸುವಂಥದು. ಅನ್ಯಾಯ ಮಾಡುವವರೂ ವಂಚಿಸುವವರೂ ನೀವೇ ಎಂಬ ಆರೋಪದಲ್ಲಿ ಖಂಡನೆ ಮುಗಿಯುತ್ತದೆ. ಉಳ್ಳವರೇ ನ್ಯಾಯಸ್ಥಾನವನ್ನು ಬಳಸಿಕೊಳ್ಳುತ್ತಿದ್ದ ಪಟ್ಟಣವದು. ಇದೇ ಪೌಲನು ಫೆಸ್ತನ ಮುಂದೆ ಕೈಸರನಿಗೆ ಮೊರೆಯಿಟ್ಟನು (ಅ. ಕೃ. 25). ಆದುದರಿಂದ ಈ ವಾಕ್ಯವನ್ನು ಬಾಗಿಲ ಹೊರಗೆ ನಿಂತವನ ಬಾಯಿಗೆ ಬೀಗವಾಗಿಸುವುದು ವ್ಯಾಖ್ಯಾನವಲ್ಲ, ದುರ್ಬಳಕೆ.

ಈ ಮಾತನ್ನು ಮಹಾನಗರದಿಂದ ದೂರವಿರುವ ಊರೊಂದರಲ್ಲಿ ಒರೆಗೆ ಹಚ್ಚಬೇಕು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಅನ್ನು ನೋಡೋಣ. ಶತಮಾನಗಳಿಂದ ಕನ್ನಡದಲ್ಲಿ ಪ್ರಾರ್ಥಿಸುತ್ತ ಬಂದ ಕ್ರೈಸ್ತ ಸಮುದಾಯ ಅಲ್ಲಿದೆ. ಮೊಹರಂ ಬಂದರೆ ಎಲ್ಲ ಮತದವರೂ ಅಲ್ಲಿ ಕೂಡುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಆ ಊರಿನ ಬಸ್ ನಿಲ್ದಾಣ, ದರ್ಗಾ, ದೇವಾಲಯ ಎಲ್ಲವೂ ಸಾರ್ವಜನಿಕವೇ. ಆದರೆ ದೂರು ಕೇಳಬೇಕಾದ ರಾಜ್ಯ ಆಯುಕ್ತರ ಕಚೇರಿ ಬೆಂಗಳೂರಿನಲ್ಲಿದೆ. ದೂರು ಕೊಟ್ಟವರು ಮರುದಿನವೂ ಅದೇ ಓಣಿಯಲ್ಲಿ, ಅದೇ ಸಭೆಯಲ್ಲಿ ಬಾಳಬೇಕು. ಮಗಳ ಮದುವೆಗೂ ಮನೆಯ ಮಣ್ಣಿಗೂ ಅದೇ ಜನ ಬರಬೇಕು. ‘ಕೋರ್ಟಿನ ಮೆಟ್ಟಿಲು ಹತ್ತಿದರು’ ಎಂದು ನಮ್ಮ ನುಡಿ ಹೇಳುತ್ತದೆ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಆ ಮೆಟ್ಟಿಲೂ ಒಂದು ತಡೆ. ಇಂಥವರು ವ್ಯಾಜ್ಯಕ್ಕೆ ಇಳಿದರೆಂದರೆ ಉಳಿದ ಬಾಗಿಲುಗಳನ್ನೆಲ್ಲ ತಟ್ಟಿ ಸೋತಿದ್ದಾರೆಂದೇ ಬಹುಮಟ್ಟಿಗೆ ತಿಳಿಯಬೇಕು. ಈಸ್ಲಂಡ್ ಅವರ ಕೃತಿಯಲ್ಲಿ ನಾವು ಹುಡುಕಿ ಕಾಣದೆಹೋದದ್ದು ಹಕ್ಕು ಕೇಳಿದವರು ತೆರಬೇಕಾದ ಈ ಬೆಲೆಯ ದೈವಶಾಸ್ತ್ರವನ್ನು.

ಅದನ್ನು ಬರೆಯುವ ಹೊಣೆ ನಮ್ಮದು. ಮಾರ್ಕ 2ರಲ್ಲಿ ನಾಲ್ವರು ಮಾಳಿಗೆಯನ್ನು ಕಿತ್ತು ರೋಗಿಯನ್ನು ಒಳಗಿಳಿಸಿದರು. ಮಾಳಿಗೆ ಹಾಳಾಯಿತೆಂದು ಯೇಸು ಗದರಲಿಲ್ಲ. ಅವರ ನಂಬಿಕೆಯನ್ನು ಕಂಡನು. ಗಡುವು ಮುಗಿದ ಮೇಲೂ ಇಳಿಜಾರು ಹಾದಿಯಿಲ್ಲದ ದೇವಾಲಯಕ್ಕೆ ನೋಟಿಸು ಬಂದರೆ ಸಭಾಪಾಲಕರು ಮೊದಲು ಹೋಗಬೇಕಾದದ್ದು ದೂರುದಾರರ ಮನೆಗೆ, ಆಮೇಲೆ ವಕೀಲರ ಕಚೇರಿಗೆ. ನೋಟಿಸು ಬರುವ ಮೊದಲೇ ಗಾರೆಯವರನ್ನು ಕರೆಸಿದರೆ ಇನ್ನೂ ಲೇಸು. ಈಸ್ಲಂಡ್ ಅವರ ಪುಸ್ತಕ ನಮ್ಮ ಪಾಠಪಟ್ಟಿಯಲ್ಲಿ ಇರಲೇಬೇಕು. ಅದರ ಪಕ್ಕದಲ್ಲಿ ಆ ಅಧಿನಿಯಮದ ಪ್ರತಿಯೊಂದೂ ಇರಲಿ.